ಡೈವ್ ಮಾಡಿದ ದಿನವೇ ವಿಮಾನ ಹತ್ತಬಾರದು ಏಕೆ? ಮೇಕೆಗಳಿಂದ ಉತ್ತರ ಪಡೆದ ವಿಜ್ಞಾನಿ ಹಾಲ್ಡೇನ್ ಕಥೆ

ಅಂಡಮಾನಿನ ಹ್ಯಾವ್ಲಾಕ್ ದ್ವೀಪಕ್ಕೆ, ಅಂದರೆ ಈಗಿನ ಸ್ವರಾಜ್ ದ್ವೀಪಕ್ಕೆ, ನಾವು ಆರು ಜನ ಗೆಳೆಯರು ಸ್ಕೂಬಾ ಡೈವಿಂಗ್‌ಗೆಂದು ಹೋಗಿದ್ದೆವು. ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದದ್ದು ದೊಡ್ಡ ಕಂಪನಿಯೇನಲ್ಲ. ಒಂದು ದೋಣಿ, ಇಬ್ಬರು ಇನ್‌ಸ್ಟ್ರಕ್ಟರ್, ಗಾಳಿ ತುಂಬುವ ಒಂದು ಕಂಪ್ರೆಸರ್, ಇಷ್ಟೇ ಇದ್ದ ಸಣ್ಣ ಡೈವ್ ಸೆಂಟರ್. ಮೂರು ದಿನ ಎಲ್ಲವೂ ಚೆನ್ನಾಗಿಯೇ ನಡೆಯಿತು. ಜಗಳ ಶುರುವಾದದ್ದು ಕೊನೆಯ ದಿನದ ವಿಷಯಕ್ಕೆ. ಬೆಳಗ್ಗೆ ಆರಕ್ಕೇ ಇನ್ನೊಂದು ಡೈವ್ ಮುಗಿಸಿ, ಹಡಗು ಹಿಡಿದು ಪೋರ್ಟ್ ಬ್ಲೇರ್ ತಲುಪಿ, ಮಧ್ಯಾಹ್ನದ ವಿಮಾನ ಹತ್ತಬೇಕು ಅನ್ನುವುದು ನಮ್ಮ ಲೆಕ್ಕ. ಸೆಂಟರ್‌ನವರು ಆಗುವುದಿಲ್ಲ ಎಂದರು. ದುಡ್ಡು ಹೆಚ್ಚು ಕೊಡುತ್ತೇವೆ ಎಂದೆವು, ಆಗಲೂ ಇಲ್ಲ. ನಮ್ಮಲ್ಲೊಬ್ಬ ಗ್ರೂಪಿನಲ್ಲಿ ಬಂದಿದ್ದ ಒಂದು ಮೆಸೇಜ್ ತೋರಿಸಿ, ಈ ನಿಯಮವೆಲ್ಲ ನೌಕಾಪಡೆಯವರಂತೆ ತುಂಬಾ ಆಳಕ್ಕೆ ಹೋಗುವವರಿಗೆ ಮಾತ್ರ ಎಂದು ವಾದಿಸಿದ. ಅದಕ್ಕೂ ಅವರು ಜಗ್ಗಲಿಲ್ಲ. ಕೈಗೆ ಬರುತ್ತಿದ್ದ ಆರು ಜನರ ದುಡ್ಡನ್ನು ಒಂದು ಸಣ್ಣ ಅಂಗಡಿ ಬೇಡ ಅನ್ನುತ್ತಿದೆ ಎಂದರೆ ಏನೋ ಕಾರಣ ಇರಲೇಬೇಕಲ್ಲ?

ಆ ಕಾರಣ ಹುಡುಕುತ್ತಾ ಹೋದರೆ ಸಿಗುವ ಹೆಸರು ಜಾನ್ ಸ್ಕಾಟ್ ಹಾಲ್ಡೇನ್. ಸ್ಕೂಬಾ ಕಂಡುಹಿಡಿದದ್ದು ಇವರೇ ಎಂದು ಯಾರಾದರೂ ಕಳಿಸಿದರೆ ನಂಬಬೇಡಿ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಈಜುವ ಇವತ್ತಿನ ವ್ಯವಸ್ಥೆಯನ್ನು ರೂಪಿಸಿದವರು ಫ್ರಾನ್ಸಿನ ಕುಸ್ಟೋ ಮತ್ತು ಗಾನ್ಯಾನ್, 1943ರಲ್ಲಿ. ಹಾಲ್ಡೇನ್ ಅಷ್ಟು ಹೊತ್ತಿಗೆ ತೀರಿಕೊಂಡು ಏಳು ವರ್ಷವಾಗಿತ್ತು. ನೀರಿನಡಿ ಹೋದವರು ಜೀವಂತವಾಗಿ ಮೇಲೆ ಬರುವುದು ಹೇಗೆ ಎಂಬ ಲೆಕ್ಕ ಮಾತ್ರ ಇವರದು.

1860ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ, ಅನುಕೂಲಸ್ಥ ಮನೆತನದಲ್ಲಿ ಹುಟ್ಟಿದರು. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯಾದವರು. ತಮ್ಮ ವೈದ್ಯಕೀಯ ಓದಿದರೂ ಕ್ಲಿನಿಕ್ ತೆರೆದು ಕೂರಲಿಲ್ಲ. ಮನುಷ್ಯ ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಏನಿದೆ, ಅದು ದೇಹಕ್ಕೆ ಏನು ಮಾಡುತ್ತದೆ ಅನ್ನುವುದೇ ಇವರ ಜೀವನದ ಪ್ರಶ್ನೆಯಾಯಿತು. ಮೊದಲು ಡಂಡೀಯಲ್ಲಿ, ಆಮೇಲೆ ಆಕ್ಸ್‌ಫರ್ಡ್‌ನಲ್ಲಿ ಕೆಲಸ. ಬಡವರ ಮನೆಗಳ ಗಾಳಿ, ಶಾಲೆಗಳ ಗಾಳಿ, ಚರಂಡಿಯೊಳಗಿನ ಗಾಳಿ, ಎಲ್ಲವನ್ನೂ ಅಳೆದರು.

1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 57 ಜನ ಸತ್ತರು. ಹಾಲ್ಡೇನ್ ಅಲ್ಲಿಗೇ ಹೋಗಿ ಶವಗಳನ್ನು ಪರೀಕ್ಷಿಸಿದರು. ಹೆಚ್ಚಿನವರನ್ನು ಕೊಂದದ್ದು ಸ್ಫೋಟದ ಹೊಡೆತವಲ್ಲ, ಅದರ ನಂತರ ಗಣಿಯೊಳಗೆ ತುಂಬಿಕೊಂಡ ಕಾರ್ಬನ್ ಮೊನಾಕ್ಸೈಡ್ ಎಂಬುದು ಗೊತ್ತಾಯಿತು. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ದೇಹವನ್ನು ಹೇಗೆ ಕೆಡಿಸುತ್ತದೆ ಎಂದು ತಿಳಿಯಲು ಸ್ವತಃ ಅದನ್ನೇ ಉಸಿರಾಡಿದರು. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ವಿಷ ಹಿಡಿದುಕೊಳ್ಳುವವರೆಗೂ ನಿಲ್ಲಿಸಲಿಲ್ಲ. ದಯವಿಟ್ಟು ಇದನ್ನು ಯಾರೂ ಸಾಹಸವೆಂದು ಶೇರ್ ಮಾಡಬೇಡಿ, ಅವರು ಸಾಯದೆ ಉಳಿದದ್ದೇ ಹೆಚ್ಚು.

ಗಣಿಗೆ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಕೊಂಡೊಯ್ಯಿರಿ ಎಂದು ಸಲಹೆ ಕೊಟ್ಟವರೂ ಇವರೇ. ಸಣ್ಣ ಪ್ರಾಣಿಯ ಉಸಿರಾಟ, ರಕ್ತದ ಓಟ ಎರಡೂ ಜೋರು. ಹಾಗಾಗಿ ವಿಷಾನಿಲ ಇದ್ದರೆ ಮನುಷ್ಯನಿಗಿಂತ ಮೊದಲೇ ಅದು ಕುಸಿಯುತ್ತದೆ, ಗಣಿಯವರಿಗೆ ಹೊರಗೆ ಓಡಲು ಸಮಯ ಸಿಗುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಈ ಕೆಲಸ 1986ರವರೆಗೂ ನಡೆಯಿತು.

ಈಗ ಸಮುದ್ರದ ವಿಷಯಕ್ಕೆ ಬರೋಣ. ಹತ್ತೊಂಬತ್ತನೇ ಶತಮಾನದಲ್ಲಿ ಸೇತುವೆಯ ಕಂಬ ಕಟ್ಟಲು ನದಿಯ ತಳಕ್ಕೆ ದೊಡ್ಡ ಪೆಟ್ಟಿಗೆ ಇಳಿಸಿ, ನೀರು ನುಗ್ಗದ ಹಾಗೆ ಒತ್ತಡದ ಗಾಳಿ ತುಂಬಿ, ಅದರೊಳಗೆ ಕೆಲಸ ಮಾಡಿಸುತ್ತಿದ್ದರು. ಮೇಲೆ ಬಂದ ಕೂಲಿಗಳಿಗೆ ಕೀಲುಗಳಲ್ಲಿ ತಡೆಯಲಾಗದ ನೋವು, ಕೆಲವರಿಗೆ ಪಾರ್ಶ್ವವಾಯು, ಕೆಲವರಿಗೆ ಸಾವು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ರೋಬ್ಲಿಂಗ್ ಅವರ ಆರೋಗ್ಯವೂ ಇದರಿಂದಲೇ ಕೆಟ್ಟಿತು. ಮುಳುಗುಗಾರರಿಗೂ ಇದೇ ಕಾಯಿಲೆ. ದೇಹದಲ್ಲಿ ಸಾರಜನಕದ ಗುಳ್ಳೆ ಏಳುವುದೇ ಇದಕ್ಕೆ ಕಾರಣ ಎಂದು ಫ್ರಾನ್ಸಿನ ಪೋಲ್ ಬೆರ್ 1878ರಲ್ಲೇ ತೋರಿಸಿದ್ದರು.

ಇಲ್ಲಿ ಒಂದು ತಪ್ಪು ತಿದ್ದಬೇಕು. ಟಿವಿಯಲ್ಲಿ, ಪೇಪರಿನಲ್ಲಿ ಡೈವರ್‌ಗಳ ಬೆನ್ನಿಗಿರುವುದನ್ನು ಆಕ್ಸಿಜನ್ ಸಿಲಿಂಡರ್ ಎಂದೇ ಕರೆಯುತ್ತಾರೆ. ಸಾಮಾನ್ಯ ಡೈವ್‌ನಲ್ಲಿ ಅದರೊಳಗೆ ಇರುವುದು ನಾವು ಈಗ ಉಸಿರಾಡುತ್ತಿರುವ ಗಾಳಿಯೇ, ಅದನ್ನೇ ಒತ್ತಿ ತುಂಬಿರುತ್ತಾರೆ. ಅದರಲ್ಲಿ ಸುಮಾರು 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಶುದ್ಧ ಆಮ್ಲಜನಕ ತುಂಬಿಕೊಂಡು ಆಳಕ್ಕಿಳಿದರೆ ಫಿಟ್ಸ್ ಬಂದು ಅಲ್ಲೇ ಪ್ರಾಣ ಹೋಗಬಹುದು.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಸೇರಿಕೊಳ್ಳುತ್ತದೆ. 10 ಮೀಟರಿನಲ್ಲಿ ಎರಡು ಪಟ್ಟು, 30 ಮೀಟರಿನಲ್ಲಿ ನಾಲ್ಕು ಪಟ್ಟು. ಒತ್ತಡ ಹೆಚ್ಚಿದಷ್ಟೂ ಉಸಿರಾಡಿದ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಮಾಂಸಖಂಡದಲ್ಲಿ ಕರಗಿ ಸೇರುತ್ತದೆ. ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಮೇಲಿರುವಾಗ ಬಾಟಲಿಯೊಳಗೆ ಏನೂ ಇಲ್ಲದಂತೆ ಕಾಣುತ್ತದೆ. ಒತ್ತಿದ ಕೂಡಲೇ ಬುಸ್ಸೆಂದು ಗುಳ್ಳೆ. ಡೈವರ್ ಸರ್ರನೆ ಮೇಲೆ ಬಂದರೆ ದೇಹದೊಳಗೂ ಹಾಗೆಯೇ. ರಕ್ತ ಕುದಿಯುತ್ತದೆ ಎಂದು ಕೆಲವು ಮೆಸೇಜ್‌ಗಳಲ್ಲಿ ಬರೆದಿರುತ್ತಾರೆ. ಕುದಿಯುವುದಿಲ್ಲ, ಕರಗಿದ ಅನಿಲ ಗುಳ್ಳೆಯಾಗುತ್ತದೆ ಅಷ್ಟೆ, ಆದರೆ ಅದು ಬೆನ್ನುಹುರಿಯಲ್ಲಾದರೆ ಕಾಲು ಬಿದ್ದುಹೋಗಲು ಸಾಕು.

ನಿಧಾನವಾಗಿ ಮೇಲೆ ಬನ್ನಿ ಎಂದು ಬೆರ್ ಹೇಳಿದ್ದರು. ಎಷ್ಟು ನಿಧಾನ? 1905ರ ಸುಮಾರಿಗೆ ಬ್ರಿಟಿಷ್ ನೌಕಾಪಡೆಗೆ ಬೇಕಾಗಿದ್ದದ್ದು ಇದರ ಉತ್ತರ. ಆ ಸಮಿತಿಯಲ್ಲಿ ಹಾಲ್ಡೇನ್ ಕೆಲಸಕ್ಕಿಳಿದರು.

ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಕಬ್ಬಿಣದ ಒತ್ತಡದ ಕೋಣೆ ಇತ್ತು. ಅದರೊಳಗೆ ಮೇಕೆಗಳನ್ನು ಬಿಟ್ಟು ಒತ್ತಡ ಏರಿಸಿ, ಇಳಿಸಿ ನೋಡಿದರು. ಮೇಕೆ ಯಾಕೆ? ಸುಲಭವಾಗಿ ಸಿಗುವ ಪ್ರಾಣಿಗಳಲ್ಲಿ ಗಾತ್ರದಲ್ಲಿ ಮನುಷ್ಯನಿಗೆ ಸ್ವಲ್ಪ ಹತ್ತಿರ, ಜೊತೆಗೆ ನೋವಾದರೆ ಮುಂಗಾಲು ಎತ್ತಿ ನಿಲ್ಲುತ್ತದೆ, ಬಾಯಿ ಬಿಟ್ಟು ಕೇಳಬೇಕಾಗಿಲ್ಲ. ಕೊಬ್ಬಿದ ಮೇಕೆಗಳಿಗೆ ತೊಂದರೆ ಹೆಚ್ಚು ಎಂಬುದೂ ಕಂಡಿತು. ಕೆಲವು ಮೇಕೆಗಳಿಗೆ ಕಾಲು ಬಿದ್ದುಹೋಯಿತು, ಕೆಲವು ಸತ್ತವು. ಓದುವಾಗ ನಮಗೆ ಇದು ಸಂಕಟದ ವಿಷಯವೇ. ಆದರೂ ಈ ಮನುಷ್ಯ ಮೇಕೆಗೆ ಮಾಡಿದ್ದನ್ನು ತನಗೂ ಮಾಡಿಕೊಳ್ಳಲು ಹಿಂಜರಿಯದವರು ಎಂಬುದನ್ನು ಮರೆಯುವಂತಿಲ್ಲ.

ಅಲ್ಲಿ ಸಿಕ್ಕ ಸಂಗತಿ ಇದು. ಒತ್ತಡ ಎಷ್ಟು ಇಳಿಯಿತು ಅನ್ನುವುದಕ್ಕಿಂತ ಎಷ್ಟು ಪಟ್ಟು ಇಳಿಯಿತು ಅನ್ನುವುದು ಮುಖ್ಯ. ಅರ್ಧದವರೆಗೆ ಇಳಿದರೆ ದೇಹ ತಾಳಿಕೊಳ್ಳುತ್ತದೆ. ಹಾಗಾದರೆ ಸ್ವಲ್ಪ ದೂರ ಮೇಲೆ ಬಂದು, ಅಲ್ಲಿ ಕಾದು, ಸಾರಜನಕ ಉಸಿರಿನ ಜೊತೆ ಹೊರಹೋದ ಮೇಲೆ ಮತ್ತೆ ಏರಿ, ಮತ್ತೆ ಕಾಯಬೇಕು. ಎಲ್ಲ ಅಂಗಗಳೂ ಒಂದೇ ವೇಗದಲ್ಲಿ ತುಂಬಿ ಖಾಲಿಯಾಗುವುದಿಲ್ಲ ಎಂದು ದೇಹವನ್ನು ಐದು ಬಗೆಯ ಪಾತ್ರೆಗಳಂತೆ ಲೆಕ್ಕ ಹಾಕಿದರು. ಅರ್ಧ ತುಂಬಲು ಒಂದಕ್ಕೆ 5 ನಿಮಿಷ, ಉಳಿದವಕ್ಕೆ 10, 20, 40, 75 ನಿಮಿಷ.

1906ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಕರಾವಳಿಯಲ್ಲಿ, ರಾಥ್‌ಸೇ ಊರಿನ ಬಳಿ ನಿಜವಾದ ಪರೀಕ್ಷೆ. ನೌಕಾಪಡೆಯ ಡ್ಯಾಮಂಟ್ ಮತ್ತು ಕ್ಯಾಟೊ ಎಂಬ ಇಬ್ಬರು 210 ಅಡಿ, ಅಂದರೆ 64 ಮೀಟರ್ ಆಳಕ್ಕೆ ಹೋಗಿ ಬಂದರು. ಅಲ್ಲಿಗೆ ಹಾಲ್ಡೇನ್ ತಮ್ಮ 13 ವರ್ಷದ ಮಗನನ್ನೂ ಕರೆದೊಯ್ದು ನೀರಿಗಿಳಿಸಿದ್ದರು. ಹುಡುಗನ ಸೂಟಿನೊಳಗೆ ನೀರು ನುಗ್ಗಿತು, ಪುಣ್ಯಕ್ಕೆ ಏನೂ ಆಗಲಿಲ್ಲ. ಇವತ್ತಿನ ಯಾವ ಡೈವ್ ಸೆಂಟರ್ ಇದಕ್ಕೆ ಒಪ್ಪೀತು!

ಬಾಯ್ಕಾಟ್, ಡ್ಯಾಮಂಟ್, ಹಾಲ್ಡೇನ್ ಮೂವರೂ ಸೇರಿ 1908ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಾವ ಆಳದಲ್ಲಿ ಎಷ್ಟು ಹೊತ್ತಿದ್ದರೆ ಮೇಲೆ ಬರುವಾಗ ಎಲ್ಲೆಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂಬ ಪಟ್ಟಿ ಇತ್ತು. ಪಟ್ಟಿ ಕೆಲಸಕ್ಕೆ ಬಂದದ್ದು ಹೇಗೆಂದರೆ, 1917ರಲ್ಲಿ ಐರ್ಲೆಂಡ್ ಬಳಿ ಲಾರೆಂಟಿಕ್ ಎಂಬ ಹಡಗು 3,211 ಚಿನ್ನದ ಗಟ್ಟಿಗಳ ಸಮೇತ ಮುಳುಗಿತು. ಅದೇ ಡ್ಯಾಮಂಟ್ ನೇತೃತ್ವದಲ್ಲಿ 1924ರವರೆಗೆ ಸಾವಿರಾರು ಬಾರಿ ಮುಳುಗಿ 3,186 ಗಟ್ಟಿ ಮೇಲೆತ್ತಿದರು. ಒಬ್ಬ ಮುಳುಗುಗಾರನೂ ಸಾಯಲಿಲ್ಲ.

ಹಾಲ್ಡೇನ್ ಅಲ್ಲಿಗೆ ನಿಲ್ಲಲಿಲ್ಲ. 1911ರಲ್ಲಿ ಅಮೆರಿಕದ ಪೈಕ್ಸ್ ಶಿಖರ ಹತ್ತಿ ತೆಳು ಗಾಳಿಯಲ್ಲಿ ಉಸಿರಾಟ ಹೇಗಾಗುತ್ತದೆ ಎಂದು ನೋಡಿದರು. 1915ರಲ್ಲಿ ಜರ್ಮನ್ನರು ಕ್ಲೋರಿನ್ ಅನಿಲ ಬಿಟ್ಟಾಗ ಯುದ್ಧಭೂಮಿಗೆ ಹೋಗಿ, ಆ ಅನಿಲವನ್ನು ತಾವೇ ಉಸಿರಾಡಿ, ಮಾಸ್ಕ್ ರೂಪಿಸಲು ನೆರವಾದರು. ಎಪ್ಪತ್ತೈದು ದಾಟಿದ ವಯಸ್ಸಿನಲ್ಲೂ ತೈಲ ಕಾರ್ಮಿಕರಿಗೆ ತಟ್ಟುವ ಬಿಸಿಲ ಹೊಡೆತ ಅಧ್ಯಯನ ಮಾಡಲು ಪರ್ಷಿಯಾ, ಇರಾಕ್‌ಗೆ ಹೋದರು. ಹಿಂತಿರುಗಿದ ಮೇಲೆ 1936ರ ಮಾರ್ಚ್‌ನಲ್ಲಿ ನ್ಯುಮೋನಿಯಾದಿಂದ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು.

ಫಾರ್ವರ್ಡ್‌ಗಳಲ್ಲಿ ತಂದೆ ಮಗ ಇಬ್ಬರನ್ನೂ ಒಬ್ಬರೇ ಮಾಡಿಬಿಡುವುದುಂಟು. ಅಂದು ಸಮುದ್ರಕ್ಕಿಳಿದ ಆ ಹುಡುಗನೇ ಮುಂದೆ ಜೆ.ಬಿ.ಎಸ್. ಹಾಲ್ಡೇನ್ ಎಂದು ಹೆಸರಾದ ತಳಿವಿಜ್ಞಾನಿ. 1957ರಲ್ಲಿ ಭಾರತಕ್ಕೆ ಬಂದು ಭಾರತದ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ಸತ್ತವರು ಇವರು. 99 ಜನರನ್ನು ಬಲಿ ತೆಗೆದುಕೊಂಡ ಥೀಟಿಸ್ ಸಬ್‌ಮೆರೀನ್ ದುರಂತದ ನಂತರ ಒತ್ತಡದ ಕೋಣೆಯಲ್ಲಿ ಕೂತು ಪ್ರಯೋಗ ಮಾಡಿಕೊಂಡವರೂ ಮಗನೇ. ಆಮ್ಲಜನಕದಿಂದ ಫಿಟ್ಸ್ ಬರುತ್ತದೆ ಎಂದೆವಲ್ಲ, ಅದನ್ನು ಅವರು ಸ್ವಂತ ಮೈಮೇಲೇ ಅನುಭವಿಸಿದರು, ಬೆನ್ನುಮೂಳೆಗೂ ಪೆಟ್ಟಾಯಿತು.

ಅಪ್ಪನ ಪಟ್ಟಿ ಇವತ್ತು ಹಾಗೆಯೇ ಉಳಿದಿಲ್ಲ. ಅರ್ಧ ಒತ್ತಡದ ಸೂತ್ರ ಆಳದ, ದೀರ್ಘ ಡೈವ್‌ಗಳಿಗೆ ಸಾಲದು ಎಂದು ಮುಂದೆ ತಿಳಿದು, ತಿದ್ದುಪಡಿಗಳಾದವು. ಆದರೆ ದೇಹವನ್ನು ಬೇರೆ ಬೇರೆ ವೇಗದ ಪಾತ್ರೆಗಳೆಂದು ನೋಡುವ ಕ್ರಮ ಉಳಿದಿದೆ. ಮಣಿಕಟ್ಟಿಗೆ ಕಟ್ಟುವ ಅನೇಕ ಡೈವ್ ಕಂಪ್ಯೂಟರ್‌ಗಳಲ್ಲಿರುವ, ಸ್ವಿಟ್ಜರ್ಲೆಂಡಿನ ವೈದ್ಯ ಬ್ಯೂಲ್ಮನ್ ಮಾಡಿದ ಲೆಕ್ಕವೂ ಇದೇ ಜಾತಿಯದು. ಮೇಲೆ ಬರುವ ಮುನ್ನ 5 ಮೀಟರಿನಲ್ಲಿ 3 ನಿಮಿಷ ತೇಲಿಸಿ ನಿಲ್ಲಿಸುತ್ತಾರಲ್ಲ, ಅದು ನಂತರ ಬಂದ ಪದ್ಧತಿ, ಕಾರಣ ಮಾತ್ರ ಅದೇ.

ಇನ್ನು ನಮ್ಮ ವಿಮಾನದ ವಿಷಯ. ಹಾರುವಾಗ ಕ್ಯಾಬಿನ್ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ನೀರಿನಿಂದ ಹೊರಬಂದ ಮೇಲೂ ದೇಹದಲ್ಲಿ ಹೆಚ್ಚುವರಿ ಸಾರಜನಕ ಗಂಟೆಗಟ್ಟಲೆ ಇರುತ್ತದೆ. ಬೇಗ ವಿಮಾನ ಹತ್ತಿದರೆ ಅದು ಸಮುದ್ರದಿಂದ ಇನ್ನೂ ಎರಡೂವರೆ ಕಿಲೋಮೀಟರ್ ಮೇಲೆ ಎದ್ದುಬಂದ ಹಾಗೆ. ಅದಕ್ಕೇ ಡೈವರ್‌ಗಳ ಸುರಕ್ಷತಾ ಸಂಸ್ಥೆಗಳು ಒಂದೇ ಒಂದು ಸಾಧಾರಣ ಡೈವ್ ಆದರೆ ಕನಿಷ್ಠ 12 ಗಂಟೆ, ನಮ್ಮಂತೆ ಹಲವು ದಿನ ಹಲವು ಡೈವ್ ಆದರೆ ಕನಿಷ್ಠ 18 ಗಂಟೆ ಕಾಯಲು ಹೇಳುತ್ತವೆ. ನೌಕಾಪಡೆಯವರಿಗೆ ಮಾತ್ರ ಎಂಬ ಆ ಮೆಸೇಜ್ ಸುಳ್ಳು. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿ, ಸಂಜೆಯೇ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವವರೂ ಎಷ್ಟು ಹೊತ್ತು ಕಾಯಬೇಕೆಂದು ನಿಮ್ಮ ಇನ್‌ಸ್ಟ್ರಕ್ಟರ್ ಬಳಿ ಕೇಳಿಕೊಳ್ಳಿ, ಎತ್ತರ ಎಂದರೆ ವಿಮಾನ ಮಾತ್ರವಲ್ಲ.

ಡೈವ್ ಆದ ಒಂದು ದಿನದೊಳಗೆ ಕೀಲುನೋವು, ಜೋಮು, ಚರ್ಮದಲ್ಲಿ ತುರಿಕೆ, ತಲೆಸುತ್ತು, ಕಾರಣವಿಲ್ಲದ ವಿಪರೀತ ಸುಸ್ತು ಕಂಡರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಕೂಡಲೇ ಸೆಂಟರ್‌ನವರಿಗೆ ತಿಳಿಸಿ. ಮೊದಲು ಶುದ್ಧ ಆಮ್ಲಜನಕ ಕೊಡುತ್ತಾರೆ, ವೈದ್ಯರು ಬೇಕೆಂದರೆ ಒತ್ತಡದ ಕೋಣೆಯಲ್ಲಿ ಚಿಕಿತ್ಸೆ. ವಾಸಿಮಾಡಿಕೊಳ್ಳಲು ಮತ್ತೆ ನೀರಿಗಿಳಿಯುವುದು ಅಪಾಯ.

ನಾವು ಆ ಬೆಳಿಗ್ಗೆ ಡೈವ್ ಮಾಡಲಿಲ್ಲ. ಹೋಗುವಾಗ ಸೆಂಟರ್‌ನವರು ಚಹಾ ಕೊಟ್ಟರು, ನಮ್ಮ ಗೆಳೆಯ ಆ ಮೆಸೇಜನ್ನು ಡಿಲೀಟ್ ಮಾಡಿ ಗ್ರೂಪಿನಲ್ಲಿ 18 ಗಂಟೆ ಎಂದಷ್ಟೇ ಬರೆದ.