ಪ್ರತಿ ರಾತ್ರಿ ಲೆಕ್ಕ ನೋಡಿಕೊಂಡ ನಾಯಕ

ಖಾನಾಪುರದ ಕಡೆಯಿಂದ ಬೆಳಗಾವಿಗೆ ಬರುವವರು ಕೋಟೆ ತಲುಪುವ ಮೊದಲೇ ಟಿಳಕವಾಡಿಯನ್ನು ದಾಟುತ್ತಾರೆ. ಅಲ್ಲಿ ಕಾಂಗ್ರೆಸ್ ಬಾವಿ ಎಂದು ಜನ ಕರೆಯುವ ಹಳೆಯ ಬಾವಿಯೊಂದಿದೆ. 1924ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರ ನೀರಿಗಾಗಿ ತೋಡಿದ ಬಾವಿ ಅದು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ಏರ್ಪಡಿಸಿದ ಆ ಅಧಿವೇಶನಕ್ಕೆ ಮಹಾತ್ಮ ಗಾಂಧಿಯವರೇ ಅಧ್ಯಕ್ಷರು. ಜೀವಮಾನದಲ್ಲಿ ಅವರು ಆ ಪೀಠದಲ್ಲಿ ಕುಳಿತದ್ದು ಅದೊಂದೇ ಸಲ.

ಪ್ರಿಯ ಓದುಗರೇ, ಅಲ್ಲಿಗೆ ಅವರು ಬಂದ ದಾರಿಯನ್ನು ಸ್ವಲ್ಪ ನೋಡೋಣ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಮೋಹನದಾಸ ಬಹಳ ಸಂಕೋಚದ ಹುಡುಗ. ಹದಿನೈದರ ಪ್ರಾಯದಲ್ಲಿ ಅಣ್ಣನ ತೋಳ್ಬಂದಿಯಿಂದ ಚೂರು ಚಿನ್ನ ಕದ್ದ. ಮನಸ್ಸು ತಡೆಯದೆ ತಪ್ಪನ್ನು ಕಾಗದದಲ್ಲಿ ಬರೆದು, ಕಾಯಿಲೆ ಮಲಗಿದ್ದ ತಂದೆಯ ಕೈಗೆ ಕೊಟ್ಟ. ತಂದೆ ಬೈಯಲಿಲ್ಲ, ಕಣ್ಣೀರು ಸುರಿಸಿ ಕಾಗದವನ್ನು ಹರಿದುಹಾಕಿದರು. ಆ ಕಣ್ಣೀರನ್ನು ಮಗ ಕೊನೆಯವರೆಗೂ ಮರೆಯಲಿಲ್ಲ.

1888ರಲ್ಲಿ ವಕೀಲಿ ಓದಲು ಲಂಡನ್ನಿಗೆ ಹೋದಾಗ ಇನ್ನೊಂದು ಅಭ್ಯಾಸ ಬೆಳೆಯಿತು. ಬಸ್ಸಿನ ದುಡ್ಡು, ಅಂಚೆಚೀಟಿ, ಪತ್ರಿಕೆ, ಹೀಗೆ ಖರ್ಚಾದ ಪ್ರತಿ ಕಾಸನ್ನೂ ಬರೆದಿಟ್ಟು, ಮಲಗುವ ಮೊದಲು ಲೆಕ್ಕ ಸರಿಮಾಡುತ್ತಿದ್ದರು. ಮುಂದೆ ಸಾರ್ವಜನಿಕರ ಲಕ್ಷಗಟ್ಟಲೆ ಹಣ ಕೈಗೆ ಬಂದಾಗ ಈ ಅಭ್ಯಾಸವೇ ಅವರನ್ನು ಕಾಪಾಡಿತು.

ಆದರೆ ನಾಯಕತ್ವ ಅಷ್ಟು ಸುಲಭವಾಗಿ ಒಲಿಯಲಿಲ್ಲ. ಮುಂಬಯಿಯಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಬಾಯಿಂದ ಮಾತೇ ಹೊರಡಲಿಲ್ಲ. ಪಡೆದ ಶುಲ್ಕವನ್ನು ಹಿಂತಿರುಗಿಸಿ ಕೋರ್ಟಿನಿಂದ ಹೊರಬಂದರು. ದಕ್ಷಿಣ ಆಫ್ರಿಕದ ವರ್ಷಗಳು ಅವರನ್ನು ಮಾತಾಡುವವರನ್ನಾಗಿ ಮಾಡಿದವು.

ಲಕ್ಷಾಂತರ ಜನ ಹಿಂಬಾಲಿಸತೊಡಗಿದ ಮೇಲೂ ಅವರು ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ. 1919ರಲ್ಲಿ ಜನರನ್ನು ಸಿದ್ಧಪಡಿಸದೆ ಸತ್ಯಾಗ್ರಹಕ್ಕೆ ಕರೆದದ್ದು ಹಿಮಾಲಯದಷ್ಟು ದೊಡ್ಡ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. 1922ರಲ್ಲಿ ಚೌರಿಚೌರಾದಲ್ಲಿ ಗುಂಪು ಪೊಲೀಸರನ್ನು ಕೊಂದಾಗ, ಜೊತೆಗಾರರು ಬೇಸರಪಟ್ಟರೂ ಚಳವಳಿಯನ್ನೇ ನಿಲ್ಲಿಸಿ ಐದು ದಿನ ಉಪವಾಸ ಮಾಡಿದರು. 1924ರ ಸೆಪ್ಟೆಂಬರ್‌ನಲ್ಲಿ ಹಿಂದೂ ಮುಸ್ಲಿಂ ಗಲಭೆಗಳಿಗೆ ಪ್ರಾಯಶ್ಚಿತ್ತವಾಗಿ ದೆಹಲಿಯಲ್ಲಿ 21 ದಿನ ಉಪವಾಸವಿದ್ದರು. ಅದಾಗಿ ಮೂರು ತಿಂಗಳಿಗೆ ಬೆಳಗಾವಿಗೆ ಬಂದರು.

ಇಲ್ಲಿ ಒಂದು ನಿಯಮಕ್ಕೆ ಒಪ್ಪಿಗೆ ದೊರೆಯಿತು. ಕಾಂಗ್ರೆಸ್ ಸದಸ್ಯರಾಗುವವರು ತಿಂಗಳಿಗೆ 2000 ಗಜ ನೂಲು ಕೊಡಬೇಕು. ದೇಶಸೇವೆ ಬರೀ ಭಾಷಣದಲ್ಲಿ ಉಳಿಯದೆ ಅಳೆಯಲು ಬರುವಂತಿರಲಿ ಎಂಬುದು ಅವರ ಆಸೆ. ಬಹಳ ಮಂದಿಗೆ ಅದು ಆಗಲಿಲ್ಲ. 1925ರಲ್ಲೇ ನಿಯಮ ಸಡಿಲವಾಯಿತು. ಗಾಂಧಿಯವರು ಹಟ ಹಿಡಿಯದೆ ಒಪ್ಪಿದರು. ಆದರೆ ತಾವು ನೂಲುವುದನ್ನು ಬಿಡಲಿಲ್ಲ. ಇತರರ ಲೆಕ್ಕ ತಪ್ಪಿತೆಂದು ತಮ್ಮ ಲೆಕ್ಕವನ್ನು ಮಡಚಿಡಲಿಲ್ಲ. 1930ರ ದಂಡಿ ಯಾತ್ರೆಯಲ್ಲಿ ಜೊತೆ ನಡೆದವರಿಗೂ ಪ್ರಾರ್ಥನೆ, ನೂಲುವುದು, ದಿನಚರಿ ಬರೆಯುವುದು ಈ ಮೂರನ್ನು ಕಡ್ಡಾಯ ಮಾಡಿದ್ದರು.

1948ರ ಜನವರಿ 30ರಂದು ಪ್ರಾರ್ಥನೆಗೆ ನಡೆದು ಹೋಗುತ್ತಿದ್ದಾಗಲೇ ಅವರ ಜೀವನ ಮುಗಿಯಿತು.

ನಮ್ಮಲ್ಲೂ ಮನೆಯ ಯಜಮಾನರಿದ್ದಾರೆ, ಧರ್ಮಕೇಂದ್ರದ ಸಂಘಗಳ ಮುಖಂಡರಿದ್ದಾರೆ. ಸಂಘದ ಜಮಾಖರ್ಚನ್ನು ವರ್ಷಕ್ಕೊಮ್ಮೆ ಸಭೆಗೆ ಓದಿ ಹೇಳುತ್ತೇವೆ. ನಮ್ಮ ಸ್ವಂತ ಜಮಾಖರ್ಚು? ರಾತ್ರಿ ಮಲಗುವ ಮುನ್ನ ಆತ್ಮಪರಿಶೋಧನೆ ಮಾಡಲು ಹಿರಿಯರು ಕಲಿಸಿದ್ದಾರೆ. ಇಂದು ಯಾರ ಮಾತನ್ನು ಅರ್ಧಕ್ಕೇ ತಡೆದೆ, ಯಾವ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿದೆ ಎಂದು ಎರಡು ಸಾಲು ಬರೆದಿಡೋಣ. ತಿಂಗಳ ಕೊನೆಗೆ ಆ ಪುಟಗಳನ್ನು ತಿರುವಿದರೆ ನಾವು ಬೆಳೆದೆವೋ ಇಲ್ಲವೋ ಎಂಬುದನ್ನು ಬೇರೆಯವರು ಹೇಳಬೇಕಾಗುವುದಿಲ್ಲ.