ಮಾಶಿಕೊ ಗ್ರಾಮದ ಕುಂಬಾರ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಆ ವರುಷವನ್ನು ಕುಂಬಾರನು ಹೇಗೆ ಕಳೆಯುವನೆಂಬುದನ್ನು ನಾವು ವಿಚಾರಿಸುವುದು ಅಪರೂಪ. ತಿಗರಿಯಿಂದ ಇಳಿಸಿದ ಪಾತ್ರೆಯು ಅರ್ಧ ಆರಿದಾಗಲೇ ಅದರ ತಳವನ್ನು ಹೆರೆದು ತಿದ್ದಬೇಕು. ತಡವಾದರೆ ಮಣ್ಣು ಗಡುಸಾಗಿ ಕೈಗೆ ಬಗ್ಗದು. ಆವಿಗೆಗೆ ಬೆಂಕಿಯಿಟ್ಟ ಮೇಲಂತೂ ನಡುವೆ ಎದ್ದುಹೋಗುವಂತಿಲ್ಲ. ಇಂತಹ ಕಸುಬನ್ನು ಹಿಡಿದವನೊಬ್ಬನು ಊರೂರು ಅಲೆದು, ಪರರ ಕೈಗೆಲಸವನ್ನು ಸಂಗ್ರಹಿಸಿ, ಪ್ರದರ್ಶನಗಳನ್ನು ಏರ್ಪಡಿಸುವ ಹೊಣೆಯನ್ನೂ ಹೊತ್ತರೆ ಅವನ ಪಾಡೇನು? ಜಪಾನಿನ ಹಮಾದಾ ಶೋಜಿಯವರು ಈ ಎರಡು ಭಾರಗಳನ್ನೂ ಸುಮಾರು ಐವತ್ತು ವರ್ಷ ಹೊತ್ತರು.

ಇವರು 1894ರ ಡಿಸೆಂಬರ್ 9ರಂದು ಟೋಕಿಯೋ ನಗರದ ನೆರೆಯ ಕಾವಾಸಾಕಿಯಲ್ಲಿ ಜನಿಸಿದರು. ಟೋಕಿಯೋದ ಉಚ್ಚ ತಾಂತ್ರಿಕ ಶಾಲೆಯಲ್ಲಿ ಮೃತ್ಪಾತ್ರೆಗಳ ಶಾಸ್ತ್ರವನ್ನು ಕಲಿತು, 1916ರಲ್ಲಿ ತೇರ್ಗಡೆ ಹೊಂದಿ, ಕ್ಯೋಟೋ ನಗರದ ಪರೀಕ್ಷಾಲಯವನ್ನು ಸೇರಿದರು. ಅಲ್ಲಿ ಹಿರಿಯ ಮಿತ್ರರಾದ ಕವಾಯಿ ಕಂಜಿರೊ ಅವರೊಡನೆ ಪಾತ್ರೆಗಳಿಗೆ ಬಳಿಯುವ ಮೆರುಗುಗಳನ್ನು ಸಾವಿರಾರು ಬಗೆಯಾಗಿ ಬೆರೆಸಿ ಸುಟ್ಟು ನೋಡಿದರು. ಪುಸ್ತಕದ ವಿದ್ಯೆ ಇವರಿಗೆ ಕಡಿಮೆಯೇನೂ ಇರಲಿಲ್ಲವೆಂದು ತಿಳಿಸಲು ಇದನ್ನು ಹೇಳುತ್ತಿದ್ದೇವೆ. ಮುಂದೆ ಇವರು ಹಳ್ಳಿಯ ಮಣ್ಣನ್ನು ಆರಿಸಿಕೊಂಡುದು ಅರಿಯದೆ ಅಲ್ಲ.

1920ರಲ್ಲಿ ಬರ್ನಾರ್ಡ್ ಲೀಚ್ ಎಂಬ ಆಂಗ್ಲ ಮಿತ್ರರ ಸಂಗಡ ಇಂಗ್ಲೆಂಡಿಗೆ ಹೋಗಿ, ಸೇಂಟ್ ಐವ್ಸ್ ಎಂಬ ಕಡಲತಡಿಯ ಊರಿನಲ್ಲಿ ಇಬ್ಬರೂ ಕೂಡಿ ಕುಂಬಾರಶಾಲೆಯನ್ನು ಕಟ್ಟಿದರು. ಆಗ ಡಿಚ್‌ಲಿಂಗ್ ಎಂಬ ಹಳ್ಳಿಯಲ್ಲಿ ಎಥೆಲ್ ಮೇರೆಯೆಂಬ ನೇಕಾರ ಮಹಿಳೆಯ ಮನೆಗೆ ಹೋಗುವ ಸಂದರ್ಭವೊದಗಿತು. ಅಲ್ಲಿನ ಜನರು ಹಳ್ಳಿಯಲ್ಲಿಯೇ ನೆಲಸಿ, ಕೈಗೆಲಸದಿಂದಲೇ ಬಾಳುತ್ತಿದ್ದುದು ಈ ತರುಣನ ಮನಸ್ಸಿನಲ್ಲಿ ನಾಟಿತು. ತಾನೂ ತನ್ನ ದೇಶದಲ್ಲಿ ಹೀಗೆಯೇ ಬಾಳಬೇಕೆಂದು ನಿಶ್ಚಯಿಸಿ, 1924ರಲ್ಲಿ ಸ್ವದೇಶಕ್ಕೆ ಮರಳಿ, ಮಾಶಿಕೊ ಎಂಬ ಗ್ರಾಮದ ಹಾದಿ ಹಿಡಿದರು.

ಮಾಶಿಕೊ ಟೋಕಿಯೋದ ಉತ್ತರಕ್ಕಿರುವ ಊರು. ಅಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅಡಿಗೆಮನೆಯ ಭರಣಿ, ಬೋಗುಣಿ, ಚಹದ ಗಿಂಡಿಗಳನ್ನು ಮಾಡುತ್ತಿದ್ದರು. ಅಲ್ಲಿನ ಮಣ್ಣು ಒರಟು. ಕ್ಯೋಟೋದ ಪರೀಕ್ಷಾಲಯದಲ್ಲಿ ಪಳಗಿದವರು ಬೇರೆಡೆಯಿಂದ ನಯವಾದ ಮಣ್ಣನ್ನು ತರಿಸಬಹುದಾಗಿತ್ತು. ಹಮಾದಾ ತರಿಸಲಿಲ್ಲ. ಊರ ಮಣ್ಣನ್ನೇ ಕೈಯಿಂದ ತಿರುಗಿಸುವ ತಿಗರಿಯ ಮೇಲಿಟ್ಟರು. ಅಲ್ಲಿಯ ಕಲ್ಲಿನ ಪುಡಿಯಿಂದ ಕೆಂಗಂದು ಮೆರುಗನ್ನೂ ಬತ್ತದ ಹೊಟ್ಟಿನ ಬೂದಿಯಿಂದ ಹಾಲುಬಿಳುಪಿನ ಮೆರುಗನ್ನೂ ಪಡೆದರು. ಮುಂಬಯಿಯ ನಮ್ಮ ಮಕ್ಕಳು ಧಾರಾವಿಯ ಕುಂಭಾರವಾಡೆಯ ಬೀದಿಯಲ್ಲಿ ಹಾದುಹೋಗುವಾಗ, ಅಲ್ಲಿ ರಾಶಿ ಬಿದ್ದ ಮಣ್ಣು ಎಲ್ಲಿಂದ ಬಂತೆಂದು ಒಮ್ಮೆ ಕೇಳಿ ನೋಡಲಿ.

ಈಗ ಎರಡನೆಯ ಭಾರದ ವಿಷಯ. ಯಂತ್ರದ ಸರಕು ಮಾರುಕಟ್ಟೆಯನ್ನು ತುಂಬಿದಂತೆಲ್ಲ ಹೆಸರಿಲ್ಲದ ಹಳ್ಳಿಯ ಕಸುಬುದಾರರು ಮೂಲೆಗುಂಪಾಗುತ್ತಿದ್ದರು. ಯಾನಗಿ ಸೋಯೆತ್ಸು ಎಂಬ ಚಿಂತಕರೂ ಕವಾಯಿಯವರೂ ಹಮಾದಾ ಅವರೂ ಕೂಡಿ 1925ರ ಸುಮಾರಿಗೆ ಇಂತಹ ಜನರ ಕೈಗೆಲಸಕ್ಕೆ ‘ಮಿಂಗೈ’ ಎಂದು ಹೆಸರಿಟ್ಟರು. ಜನಕಲೆ ಎಂದು ಅರ್ಥ. ಮರುವರ್ಷವೇ ಅದಕ್ಕೊಂದು ವಸ್ತುಸಂಗ್ರಹಾಲಯ ಬೇಕೆಂದು ಮನವಿಯನ್ನು ಪ್ರಕಟಿಸಿದರು. 1928ರಲ್ಲಿ ಟೋಕಿಯೋದ ಉಎನೊ ಉದ್ಯಾನದಲ್ಲಿ ಚಕ್ರವರ್ತಿಯ ಪಟ್ಟಾಭಿಷೇಕದ ನಿಮಿತ್ತ ದೊಡ್ಡ ಪ್ರದರ್ಶನ ನಡೆಯಿತು. ಈ ಗೆಳೆಯರು ಅಲ್ಲಿ ಒಂದು ಮನೆಯನ್ನೇ ಕಟ್ಟಿ, ಅದರೊಳಗೆ ನಿತ್ಯೋಪಯೋಗದ ಪೀಠೋಪಕರಣ, ಬಟ್ಟೆ, ಪಾತ್ರೆಗಳನ್ನು ಜೋಡಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ವಸ್ತುವನ್ನಿಟ್ಟು ತೋರಿಸುವುದಕ್ಕಿಂತ ಇದು ಎಷ್ಟೋ ಮೇಲೆಂದು ನಮ್ಮ ಅಭಿಪ್ರಾಯ. ಬೋಗುಣಿಯ ಅಂದವು ಮನೆಯೊಳಗೆ ಕಾಣುವಂತೆ ಕಪಾಟಿನಲ್ಲಿ ಕಾಣದು. ಕೊನೆಗೆ 1936ರಲ್ಲಿ, ಓಹಾರಾ ಮಾಗೊಸಾಬುರೊ ಎಂಬ ಉದ್ಯಮಿಯ ಧನಸಹಾಯದಿಂದ, ಟೋಕಿಯೋದ ಕೊಮಾಬಾದಲ್ಲಿ ಜಪಾನಿನ ಜನಕಲಾ ಸಂಗ್ರಹಾಲಯವು ತೆರೆಯಿತು.

ಈ ಕಾರ್ಯಕ್ಕಾಗಿ ಹಮಾದಾ ದೇಶದ ಮೂಲೆಮೂಲೆಗಳನ್ನು ಸುತ್ತಿದರು. ತಿರುಗಾಟವು ಕಸುಬಿಗೆ ಕೇವಲ ನಷ್ಟವಾಗಲಿಲ್ಲವೆಂಬುದೇ ಸೋಜಿಗ. ಒಕಿನಾವಾ ದ್ವೀಪದಲ್ಲಿ ಕಂಡ ಕಬ್ಬಿನ ಗರಿಯು ಇವರ ಕುಂಚದ ತುದಿಗೆ ಬಂದು, ನಾಲ್ಕೈದು ಬೀಸುಗಳ ಚಿತ್ರವಾಗಿ ಜೀವಮಾನವೆಲ್ಲ ಅವರ ಪಾತ್ರೆಗಳ ಮೇಲೆ ಉಳಿಯಿತು. ಆದರೂ ದಿನಗಳು ಹೋದುದು ನಿಜವೇ. 1952ರಲ್ಲಿ ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ನಡೆದ ಕುಶಲಕರ್ಮಿಗಳ ಸಮ್ಮೇಳನಕ್ಕೆ ಯಾನಗಿಯವರೊಡನೆ ಹೋಗಿ, ಅಲ್ಲಿಂದ ಲೀಚರನ್ನೂ ಕೂಡಿಕೊಂಡು ಅಮೆರಿಕೆಯನ್ನು ಸಂಚರಿಸಿದಾಗ ಮಾಶಿಕೊದ ತಿಗರಿಯನ್ನು ತಿಂಗಳುಗಟ್ಟಲೆ ಬಿಟ್ಟಿರಬೇಕಾಯಿತು. ಯಾನಗಿ ಉಪನ್ಯಾಸ ಮಾಡುವರು. ಹಮಾದಾ ಪರದೇಶದ ಮಣ್ಣನ್ನು ಹಿಡಿದು ಎಲ್ಲರೆದುರು ಕೆಲಸಮಾಡಿ ತೋರಿಸುವರು.

ಇವರು ಇಂಗ್ಲೆಂಡಿನಿಂದ ಮರಳಿದ ಮೇಲೆ ತಮ್ಮ ಪಾತ್ರೆಗಳಿಗೆ ಮುದ್ರೆಯೊತ್ತುವುದನ್ನೇ ಬಿಟ್ಟರು. ಹೆಸರಿಲ್ಲದವರ ಕಲೆಯನ್ನು ಕೊಂಡಾಡುವವನು ತನ್ನ ಹೆಸರನ್ನು ಕೆತ್ತುವುದು ಸಲ್ಲದೆಂದು ಅವರ ಭಾವನೆ. ಇಲ್ಲೊಂದು ವಿಪರ್ಯಾಸವೂ ಉಂಟು: ಮುದ್ರೆಯಿಲ್ಲದ ಆ ಪಾತ್ರೆಗಳನ್ನೇ ಜನರು ಹಮಾದಾ ಅವರದೆಂದು ಗುರುತಿಸಿ ಹೆಚ್ಚು ಬೆಲೆ ಕೊಟ್ಟರು. 1955ರಲ್ಲಿ ಸರಕಾರವು ಇವರನ್ನು ಜೀವಂತ ರಾಷ್ಟ್ರನಿಧಿಗಳಲ್ಲಿ ಒಬ್ಬರನ್ನಾಗಿ ಎಣಿಸಿತು. 1968ರಲ್ಲಿ ಸಂಸ್ಕೃತಿ ಪದಕವನ್ನಿತ್ತಿತು. ದೊಡ್ಡ ತಟ್ಟೆಯ ಮೇಲೆ ಸೌಟಿನಿಂದ ಮೆರುಗನ್ನು ಬೀಸಿ ಸುರಿಯಲು ಇವರಿಗೆ ಹದಿನೈದು ಕ್ಷಣಗಳು ಸಾಕಾಗುತ್ತಿದ್ದವು. ಇಷ್ಟು ಬೇಗ ಮುಗಿಯಿತೇ ಎಂದು ಒಬ್ಬರು ಕೇಳಿದುದಕ್ಕೆ, ಆ ಹದಿನೈದು ಕ್ಷಣಗಳಿಗೆ ಅರವತ್ತು ವರ್ಷಗಳನ್ನೂ ಕೂಡಿಸಿಕೊಳ್ಳಬೇಕೆಂದು ಉತ್ತರಿಸಿದರಂತೆ.

1961ರಲ್ಲಿ ಯಾನಗಿಯವರು ಗತಿಸಿದ ಮೇಲೆ ಟೋಕಿಯೋ ಸಂಗ್ರಹಾಲಯದ ನಿರ್ದೇಶಕತ್ವವೂ ಇವರ ಹೆಗಲೇರಿತು. ಆಗ ಪ್ರಾಯ ಅರವತ್ತೇಳರ ಆಸುಪಾಸು; ತಿಗರಿ ನಿಲ್ಲಲಿಲ್ಲ. 1977ರಲ್ಲಿ, ದೇಶವಿದೇಶಗಳಲ್ಲಿ ತಾವು ಕೂಡಿಸಿದ್ದ ವಸ್ತುಗಳನ್ನು ಮಾಶಿಕೊದ ತಮ್ಮ ಹಿತ್ತಲಿನ ಕಟ್ಟಡಗಳಲ್ಲಿಯೇ ಜೋಡಿಸಿ ಸಾರ್ವಜನಿಕರಿಗೆ ತೆರೆದರು. 1978ರ ಜನವರಿ 5ರಂದು ಅದೇ ಊರಿನಲ್ಲಿ ತೀರಿಕೊಂಡರು.

ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಏರಿದ ಎಂಟು ಕೋಣೆಗಳ ಅವರ ಆವಿಗೆಯು 2011ರ ಮಾರ್ಚಿಯ ಭೂಕಂಪದಲ್ಲಿ ಜಖಂಗೊಂಡಿತು. ಊರವರು ಅದನ್ನು ಮತ್ತೆ ಕಟ್ಟಿದರು. 2015ರಲ್ಲಿ ಅನೇಕ ಕುಂಬಾರರು ತಮ್ಮ ತಮ್ಮ ಪಾತ್ರೆಗಳನ್ನು ತಂದು ಅದರಲ್ಲಿ ತುಂಬಿದರು, ಬೆಂಕಿಯಿಟ್ಟರು.