ತೊಣ್ಣೂರಿನ ಅರಸು

ಪಾಂಡವಪುರದಿಂದ ತೊಣ್ಣೂರಿಗೆ ಹೋಗಿ ಅಲ್ಲಿಯ ವಿಶಾಲವಾದ ಕೆರೆಯ ಏರಿಯ ಮೇಲೆ ನಿಂತಾಗಲೆಲ್ಲ ನನಗೆ ಬಿಟ್ಟಿದೇವನ ನೆನಪಾಗುತ್ತದೆ. ಚೋಳರಾಜನ ಕೋಪಕ್ಕಂಜಿ ಶ್ರೀರಂಗವನ್ನು ತೊರೆದು ಬಂದ ರಾಮಾನುಜಾಚಾರ್ಯರು ಇಲ್ಲಿಯೇ ಈ ಹೊಯ್ಸಳ ದೊರೆಗೆ ವೈಷ್ಣವ ದೀಕ್ಷೆಯಿತ್ತು ವಿಷ್ಣುವರ್ಧನನೆಂದು ಕರೆದರೆಂಬುದು ಸಂಪ್ರದಾಯ. ಇಷ್ಟಕ್ಕೇ ನಿಂತಿದ್ದರೆ ಕಥೆ ಚೆಲುವಾಗಿರುತ್ತಿತ್ತು. ಆದರೆ ಅದಕ್ಕೊಂದು ಬಾಲ ಅಂಟಿಕೊಂಡಿದೆ: ಗುರುವಿಗೆ ವಿಧೇಯನಾದ ಅರಸ ತನ್ನ ಹಿಂದಿನ ಮತದ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದನಂತೆ! ಇದು ನಿಜವೇ ಎಂದು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಯಾರಾದರೊಬ್ಬ ವಿದ್ಯಾರ್ಥಿ ಕೇಳದಿರುವುದಿಲ್ಲ.

ಈ ಪ್ರಶ್ನೆ ಬಂದಾಗ ನನ್ನ ಮನಸ್ಸು ಇಸ್ರಾಯೇಲರ ಪುರಾತನ ಕಥೆಯತ್ತ ಹರಿಯುತ್ತದೆ. ಅಮಾಲೇಕ್ಯರನ್ನು ನಿಶ್ಶೇಷವಾಗಿ ಸಂಹರಿಸೆಂದು ಪ್ರವಾದಿ ಸಮುವೇಲನು ದೊರೆ ಸೌಲನಿಗೆ ವಿಧಿಸಿದ್ದನು. ಸೌಲನು ಅವರ ಅರಸನನ್ನೂ ಕೊಬ್ಬಿದ ದನಕುರಿಗಳನ್ನೂ ಉಳಿಸಿಕೊಂಡನು. ಆ ಅವಿಧೇಯತೆಗಾಗಿ ದೇವರು ಅವನ ಅರಸುತನವನ್ನೇ ತಳ್ಳಿಹಾಕಿದನೆಂದು ಪ್ರವಾದಿ ಸಾರಿದನು. ನಮ್ಮ ಗಾಣದ ಕಥೆ ಕಟ್ಟಿದವರಿಗೂ ವಿಧೇಯತೆಯೆಂದರೆ ಇಂಥದೇ ಕಠೋರವಾದುದು ಎನ್ನಿಸಿರಬೇಕು.

ಶಾಸನಗಳು ಹೇಳುವ ಬಾಳು ಬೇರೆಯೇ. ಅಣ್ಣ ಬಲ್ಲಾಳನ ತರುವಾಯ 1108ರ ಸುಮಾರಿಗೆ ಪಟ್ಟಕ್ಕೆ ಬಂದ ಬಿಟ್ಟಿದೇವನು 1116ರ ಹೊತ್ತಿಗೆ ಚೋಳರಿಂದ ತಲಕಾಡನ್ನು ಗೆದ್ದನು. ಮರುವರ್ಷ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದನು. ಆ ತಲಕಾಡನ್ನು ಗೆದ್ದುಕೊಟ್ಟ ದಂಡನಾಯಕ ಗಂಗರಾಜನು ಜೈನ! 1118ರಲ್ಲಿ ಕಣ್ಣೇಗಾಲದಲ್ಲಿ ಚಾಲುಕ್ಯ ಸೈನ್ಯವನ್ನು ಮುರಿದಾಗ ಅರಸನಿಂದ ಅವನು ಪಡೆದದ್ದು ಪರಮವೆಂಬ ಗ್ರಾಮ. ಅದನ್ನವನು ತನ್ನ ತಾಯಿಯೂ ಹೆಂಡತಿಯೂ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ್ದ ಬಸದಿಗಳಿಗೆ ಬಿಟ್ಟನು. ಪಟ್ಟದರಸಿ ಶಾಂತಲೆಯೂ ಕೊನೆಯವರೆಗೆ ಜೈನಳಾಗಿಯೇ ಉಳಿದಳು. ಬೆಳಗೊಳದ ಸವತಿಗಂಧವಾರಣ ಬಸದಿ ಆಕೆಯದು. 1131ರಲ್ಲಿ ಆಕೆ ಶಿವಗಂಗೆಯಲ್ಲಿ ದೇಹ ಬಿಟ್ಟಳು. ಮನೆಯೊಳಗಿನ ರಾಣಿಯನ್ನೇ ಮತ ಬದಲಿಸೆನ್ನದವನು ಊರವರಿಗೆ ಗಾಣ ಹೂಡಿಸಿದನೆಂದು ನಂಬುವುದಾದರೂ ಹೇಗೆ?

ರಾಮಾನುಜರೇ ಮೇಲುಕೋಟೆಯಲ್ಲಿ ತಿರುಕುಲದವರಿಗೆ ದೇವಾಲಯ ಪ್ರವೇಶದ ಹಕ್ಕು ಕೊಡಿಸಿದರೆಂದು ಪ್ರತೀತಿ. ಅಂಥ ಗುರುವಿನಿಂದ ಅರಸ ಕಲಿತದ್ದೇನೆಂದು ಕೇಳಬೇಕಾದರೆ ಅದನ್ನು ಕೇಳಬೇಕೇ ಹೊರತು ಗಾಣದ ಮಾತನ್ನಲ್ಲ.

ನಾನು ವಿದ್ಯಾರ್ಥಿಗಳಿಗೆ 1133ರ ಘಟನೆಯೊಂದನ್ನು ಹೇಳುತ್ತೇನೆ. ಗಂಗರಾಜನು ತೀರಿಕೊಂಡಿದ್ದನು. ತಂದೆಯ ನೆನಪಿಗೆ ಮಗ ಬೊಪ್ಪನು ಹಳೇಬೀಡಿನಲ್ಲಿ ಪಾರ್ಶ್ವನಾಥನ ಬಸದಿಯೊಂದನ್ನು ಕಟ್ಟಿಸಿದನು. ಪ್ರತಿಷ್ಠೆಯಾದ ಮೇಲೆ ಅಲ್ಲಿಯ ಅರ್ಚಕರು ಗಂಧೋದಕವನ್ನೂ ಶೇಷೆಯನ್ನೂ ಹಿಡಿದು, ಬಂಕಾಪುರದ ಬೀಡಿನಲ್ಲಿದ್ದ ಅರಸನ ಬಳಿಗೆ ಹೋದರು. ಅದೇ ವೇಳೆಗೆ ಅವನು ಯುದ್ಧದಲ್ಲಿ ಗೆದ್ದಿದ್ದನು, ರಾಣಿ ಲಕ್ಷ್ಮೀದೇವಿಗೆ ಗಂಡುಮಗುವೂ ಹುಟ್ಟಿತ್ತು. ವಿಷ್ಣುಭಕ್ತನಾದ ದೊರೆ ಪೀಠದಿಂದೆದ್ದು, ಕೈಮುಗಿದು, ಆ ಪ್ರಸಾದವನ್ನು ಶಿರಸಾ ಧರಿಸಿದನು. ಬಸದಿಯ ದೇವರು ವಿಜಯಪಾರ್ಶ್ವನಾಗಲಿ, ಮಗು ವಿಜಯನರಸಿಂಹನಾಗಲಿ ಎಂದು ಹೆಸರಿಟ್ಟು, ಬಸದಿಗೆ ಜಾವಗಲ್ಲನ್ನು ದತ್ತಿಯಾಗಿ ಕೊಟ್ಟನು.